ಬಾವಿಹೊಲದ ಕ್ಲೋವರ್

ಡಿಂಪ್ನಾ ಟ್ರೇನರ್ ಮಹಾ ಪುಕ್ಕಲಿ ಎಂಬುದು ಡ್ರಮ್‌ಕಾರೋ ದಿಣ್ಣೆಯ ಆಸುಪಾಸಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಗುಡುಗಿದರೆ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಹೊದಿಸುತ್ತಿದ್ದಳು. ಭಾನುವಾರ ಚರ್ಚಿಗೆ ಹೊರಟವಳು ಒಲೆ ಆರಿಸಿದೆನೋ ಇಲ್ಲವೋ ಎಂಬ ಗುಮಾನಿಯಿಂದ ಅರ್ಧ ದಾರಿಗೇ ವಾಪಸು ಬರುತ್ತಿದ್ದಳು. ಫೋನು ಹೊಡೆದುಕೊಂಡರೆ ಎತ್ತುವ ಮೊದಲು ಎದೆಯ ಮೇಲೆ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಳು. "ಹೆದರೋಕೆ ಏನೂ ಸಿಗದ ದಿನ ಬಂತು ಅನ್ನಿ, ಅವತ್ತು ಇವಳು ಇನ್ನೂ ಜಾಸ್ತಿ ಹೆದರ್ತಾಳೆ," ಎಂದು ಅವಳ ಅಣ್ಣ ಮ್ಯಾಲಕಿ ಬಂದವರೆದುರು ನಗೆಯಾಡುತ್ತಿದ್ದ. ಡಿಂಪ್ನಾ ಅದಕ್ಕೆ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ. ಅವನು ಹೇಳುವುದರಲ್ಲಿ ಸುಳ್ಳೇನೂ ಇರಲಿಲ್ಲವಲ್ಲ.

ಅಣ್ಣತಂಗಿ ಇಬ್ಬರಿಗೂ ಮದುವೆಯಾಗಿರಲಿಲ್ಲ. ಐರ್ಲೆಂಡಿನ ಮೊನಹನ್ ಸೀಮೆಯಲ್ಲಿ ಅಂಥ ಮನೆಗಳು ಬೇಕಾದಷ್ಟಿದ್ದವು. ಯಾರೂ ಅದನ್ನು ವಿಶೇಷವೆಂದು ಎಣಿಸುತ್ತಿರಲಿಲ್ಲ. ಹೊಲ, ಟ್ರ್ಯಾಕ್ಟರು, ಬೇಲಿ ಮ್ಯಾಲಕಿಯ ಪಾಲು. ಹಸುಗಳು ಡಿಂಪ್ನಾಳ ಪಾಲು. ಒಂದೊಂದು ಹಸುವಿಗೂ ಅವಳೊಂದು ಹೆಸರಿಟ್ಟಿದ್ದಳು. ಮಿಕ್ಕವುಗಳನ್ನು ಕತ್ತೆತ್ತಿ ಗದರುವಂತೆ ನೋಡುತ್ತಿದ್ದ ದಪ್ಪ ಕಪ್ಪು ಹಸುವೊಂದಕ್ಕೆ 'ಟೀಚರಮ್ಮ' ಎಂದು ಹೆಸರು. ಹಾಲು ಕರೆಯುವ ಶೆಡ್ಡಿಗೆ ಟೀಚರಮ್ಮ ಮೊದಲು ಕಾಲಿಡದೆ ಬೇರೆ ಯಾವ ಹಸುವೂ ಒಳಗೆ ಬರುತ್ತಿರಲಿಲ್ಲ.

ಅವಳ ಭಯಗಳಲ್ಲಿ ಹೆಚ್ಚಿನವು ಗಾಳಿಯಲ್ಲಿ ಹುಟ್ಟಿ ಗಾಳಿಯಲ್ಲೇ ಹೋಗುವಂಥವು. ಒಂದು ಮಾತ್ರ ಹಾಗಲ್ಲ. ಅವಳಿನ್ನೂ ಶಾಲೆಗೆ ಸೇರಿದ ಹೊಸತು. ಕೊಯ್ದ ಹುಲ್ಲಿನ ಹೊಲ ಎರಡನೆಯ ಸಲ ಚಿಗುರಿ ನಿಂತಿತ್ತು. ಆಗೆಲ್ಲ ಹುಲ್ಲಿನ ನಡುವೆ ಕ್ಲೋವರ್ ದಂಡಿಯಾಗಿ ಬೆಳೆಯುತ್ತಿತ್ತು: ಮೂರೆಲೆಯ, ಬಿಳಿ ಹೂವಿನ, ನೆಲಕ್ಕಂಟಿ ಹಬ್ಬುವ ಸೊಪ್ಪು. ಇಬ್ಬನಿ ಆರುವ ಮೊದಲೇ ಅಪ್ಪನ ಹಸು ಪ್ರಿಮ್‌ರೋಸ್ ಹಗ್ಗ ಬಿಚ್ಚಿಕೊಂಡು ಹೋಗಿ ಅದನ್ನು ಹೊಟ್ಟೆ ತುಂಬ ಮೇಯ್ದಿತು. ಡಿಂಪ್ನಾ ಅಂಗಳಕ್ಕೆ ಬಂದು ನೋಡಿದಾಗ ಅದರ ಎಡಪಕ್ಕೆ ಬೆನ್ನಿಗಿಂತ ಮೇಲಕ್ಕೆ ಊದಿಕೊಂಡು ನಿಂತಿತ್ತು. ನಾಲಿಗೆ ಹೊರಬಿದ್ದಿತ್ತು. ಕಣ್ಣುಗುಡ್ಡೆ ಆಚೆ ಬರುವಂತಿತ್ತು. ಅಪ್ಪ ಅಡುಗೆಮನೆಯ ಚಾಕು ತಂದು ಊದಿದ ಜಾಗಕ್ಕೆ ಗುರಿಯಿಟ್ಟ. ಇರಿಯಲಿಲ್ಲ. ಮತ್ತೆ ಗುರಿಯಿಟ್ಟ. ಕೊನೆಗೆ ಇರಿಯುವ ಹೊತ್ತಿಗೆ ಹಸು ಮೊಣಕಾಲೂರಿ ಕುಸಿದಿತ್ತು. ಹಸಿರು ನೊರೆ ಗೋಡೆಯೆತ್ತರ ಚಿಮ್ಮಿತು, ಅಷ್ಟೆ; ಹಸು ಉಳಿಯಲಿಲ್ಲ. ಅಪ್ಪ ಆ ನೊರೆಯಲ್ಲೇ ಕೂತುಬಿಟ್ಟ. ಅವನ ಕೈ ನಡುಗುತ್ತಿದ್ದುದನ್ನು ಡಿಂಪ್ನಾ ಬಾಗಿಲ ಸಂದಿಯಿಂದ ನೋಡಿದ್ದಳು.

ಮುಂದೆ ಚೀಲದ ಗೊಬ್ಬರ ಬಂತು. ಯೂರಿಯಾ ಬಿದ್ದಲ್ಲಿ ಹುಲ್ಲು ಮೊಣಕಾಲುದ್ದ ಎದ್ದಿತು. ಅದರ ನೆರಳಲ್ಲಿ ಕ್ಲೋವರ್ ಬಿಸಿಲು ಕಾಣದೆ ಸೊರಗಿ, ಕೆಲವು ವರ್ಷದಲ್ಲಿ ಹೇಳಹೆಸರಿಲ್ಲದಂತಾಯಿತು. ಊರವರಿಗೆಲ್ಲ ಚೀಲ ಎಂದರೆ ಹುಲ್ಲು, ಹುಲ್ಲು ಎಂದರೆ ಹಾಲು. ಡಿಂಪ್ನಾಳಿಗೆ ಚೀಲ ಎಂದರೆ ನೆಮ್ಮದಿ. ವಸಂತದಲ್ಲಿ ಮ್ಯಾಲಕಿಯ ಯಂತ್ರ ಬಿಳಿಯ ಕಾಳು ಎರಚುತ್ತ ದಿಣ್ಣೆ ಹತ್ತುವಾಗ, ಈ ವರ್ಷವೂ ಯಾವ ಹಸುವಿನ ಹೊಟ್ಟೆಯೂ ಉಬ್ಬುವುದಿಲ್ಲ ಎಂದು ಅವಳು ನಿಟ್ಟುಸಿರು ಬಿಡುತ್ತಿದ್ದಳು. ಹೀಗೆಯೇ ಅವಳಿಗೆ ಐವತ್ತು ದಾಟಿತು.

ಆ ನೆಮ್ಮದಿಯನ್ನು ಕಸಿದುಕೊಂಡದ್ದೂ ಒಂದು ಫೋನೇ. ಸತ್ತುಹೋದ ತಂಗಿಯ ಮಗಳು ಗ್ರಾನ್ಯಾ ತನ್ನ ಮನೆಯ ಚಾವಣಿ ರಿಪೇರಿಯೆಂದು ಹಸುಗೂಸನ್ನೆತ್ತಿಕೊಂಡು ಬಂದು ಇಲ್ಲಿ ತಂಗಿದ್ದಳು. ಆ ಬೆಳಿಗ್ಗೆ ಗ್ರಾನ್ಯಾ ಇನ್ನೂ ಮಲಗಿದ್ದಳು. ಡಿಂಪ್ನಾ ಕುದಿಸಿದ ನೀರಿಗೆ ಹಾಲಿನ ಪುಡಿ ಕದಡಿ, ಬಾಟಲಿಯನ್ನು ಕೆನ್ನೆಗೊತ್ತಿ ಬಿಸಿ ನೋಡುತ್ತಿದ್ದಳು. ಊರಿನ ಬಾವಿಗಳನ್ನೆಲ್ಲ ಪರೀಕ್ಷೆ ಮಾಡಲು ಜಿಲ್ಲಾ ಕಚೇರಿಯವರು ನೀರು ತುಂಬಿಸಿಕೊಂಡು ಹೋಗಿದ್ದು ಅವಳಿಗೆ ಮರೆತೇಹೋಗಿತ್ತು.

"ಅಮ್ಮಾ, ನಿಮ್ಮನೇಲಿ ಹಸುಗೂಸು ಯಾವುದಾದ್ರೂ ಇದೆಯಾ?" ಎಂದಿತು ಫೋನಿನ ಆಚೆಯ ಗಂಡುದನಿ.

"ಯಾಕಪ್ಪಾ?"

"ಇದೆಯಾ ಇಲ್ವಾ ಹೇಳಿ."

"ಇದೆ. ಈಗ ಹಾಲು ಕೊಡ್ತಾ ಇದ್ದೀನಿ."

"ಬಾವಿ ನೀರಲ್ಲಿ ಕಲಸಿದ್ದಾ? ಕೊಡಬೇಡಿ. ನಿಮ್ಮ ನೀರಲ್ಲಿ ನೈಟ್ರೇಟ್ ಮಿತಿಮೀರಿದೆ. ದೊಡ್ಡೋರು ಹೇಗೋ ತಡ್ಕೋತಾರೆ. ಎಳೇ ಕೂಸಿಗೆ ರಕ್ತ ಕೆಡುತ್ತೆ, ಮೈ ನೀಲಿಗಟ್ಟುತ್ತೆ."

"ಕುದಿಸಿದ್ದೀನಲ್ಲಪ್ಪಾ!"

"ಕುದಿಸಿದ್ರೆ ಹೋಗೋದಲ್ಲ ಅದು. ನೀರು ಆವಿಯಾದಷ್ಟೂ ಇನ್ನೂ ಗಟ್ಟಿಯಾಗುತ್ತೆ."

ಬಾಟಲಿ ಕೈಯಿಂದ ಜಾರಿ ಕಲ್ಲುಹಾಸಿನ ಮೇಲೆ ಬಿದ್ದು ಉರುಳಿತು. ಕೂಸು ಬಂದು ಒಂದು ವಾರವೇ ಆಗಿತ್ತು. ಪ್ರತಿ ಬಾಟಲಿಯನ್ನೂ ಅವಳೇ ತನ್ನ ಕೈಯಾರೆ ಕಲಸಿಕೊಟ್ಟಿದ್ದಳು. ತೊಟ್ಟಿಲ ಹತ್ತಿರ ಹೋಗಿ ಕೂಸಿನ ತುಟಿ ನೋಡಿದಳು. ಕೆಂಪಗಿದೆಯೆನ್ನಿಸಿತು. ಮರುಗಳಿಗೆ ನೀಲಿಯೆನ್ನಿಸಿತು. ಕಿಟಕಿಯ ಬೆಳಕಿಗೆ ಎತ್ತಿಕೊಂಡು ಹೋಗಿ ಉಗುರು ನೋಡಿದಳು. ಕಣ್ಣು ಮಂಜಾಗಿ ಏನೂ ಕಾಣದಾಯಿತು. "ಗ್ರಾನ್ಯಾ! ಮ್ಯಾಲಕಿ! ಯಾರಾದ್ರೂ ಬನ್ರೋ!" ಎಂದು ಅವಳು ಕೂಗಿಕೊಂಡ ಕೂಗಿಗೆ ಕೂಸು ಬೆಚ್ಚಿ ಅಳತೊಡಗಿತು.

ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿ, ಕೂಸಿಗೆ ಏನೂ ಆಗಿಲ್ಲ, ಇನ್ನು ಆ ನೀರು ಕೊಡಬೇಡಿ ಎಂದು ಹೇಳಿ ಕಳಿಸಿದರು. ಗ್ರಾನ್ಯಾ, "ದೊಡ್ಡಮ್ಮ, ನಿನಗೇನು ಗೊತ್ತಿತ್ತು, ಬಿಡು," ಎಂದಳು. ಆದರೆ ಡಿಂಪ್ನಾಳ ಎದೆಯೊಳಗೆ ಹೊಕ್ಕದ್ದು ಹೊರಗೆ ಹೋಗಲಿಲ್ಲ. ಬಾವಿ ಇದ್ದದ್ದು ದಿಣ್ಣೆಯ ಬುಡದಲ್ಲಿ. ಅದರ ಮೇಲ್ಗಡೆ ಇಳಿಜಾರಿಗೆ ಹರಡಿಕೊಂಡಿದ್ದ ದೊಡ್ಡ ಹುಲ್ಲುಗಾವಲಿಗೆ ಬಾವಿಹೊಲವೆಂದೇ ಹೆಸರು. ಇಡೀ ಜಮೀನಿನಲ್ಲಿ ಅತಿ ಹೆಚ್ಚು ಚೀಲ ಸುರಿಯುತ್ತಿದ್ದದ್ದು ಅಲ್ಲಿಗೇ. ಹುಲ್ಲು ಕುಡಿಯದೆ ಬಿಟ್ಟದ್ದು ಮಳೆಯ ಜೊತೆ ಇಳಿದು ಎಲ್ಲಿಗೆ ಹೋಗುತ್ತದೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಬಾವಿಹೊಲದಲ್ಲಿ ಇನ್ನು ಒಂದು ಚೀಲಾನೂ ಬಿಚ್ಚಕೂಡದು," ಎಂದಳು ಅಣ್ಣನಿಗೆ.

"ಹಸು ಏನು ತಿನ್ನುತ್ತೆ ಹಾಗಾದ್ರೆ? ಗಾಳಿ ತಿನ್ನುತ್ತಾ?"

"ಬೇರೆ ದಾರಿ ಇರಬೇಕು, ಕೇಳೋಣ."

ಬೇರೆ ದಾರಿ ಏನೆಂದು ಅವಳಿಗೆ ಅರ್ಧ ಗೊತ್ತಿತ್ತು. ಕೃಷಿ ಸಲಹೆ ಹೇಳಲು ಬರುತ್ತಿದ್ದ ಬ್ರೋನಾ ಎಂಬ ಹುಡುಗಿ ಕ್ಲೋವರ್ ಎಂಬ ಹೆಸರನ್ನೇ ಬಾಯಿಬಿಟ್ಟು ಹೇಳಿದಾಗ ಮಾತ್ರ ಡಿಂಪ್ನಾ ಹಿಡಿದಿದ್ದ ಚಹಾದ ಬಟ್ಟಲನ್ನು ಕೆಳಗಿಟ್ಟುಬಿಟ್ಟಳು. ಬ್ರೋನಾ ಬದುವಿನ ಮೇಲೆ ಒಂಟಿಯಾಗಿ ಉಳಿದಿದ್ದ ಕ್ಲೋವರ್ ಗಿಡವೊಂದನ್ನು ಬೇರುಸಹಿತ ಅಗೆದು ತಂದಳು. ಬೇರಿನ ತುಂಬ ರಾಗಿ ಕಾಳಿನಷ್ಟು ಗಂಟುಗಳು. ಒಂದನ್ನು ಉಗುರಿನಿಂದ ಸೀಳಿದಳು. ಒಳಗೆ ಮಾಂಸದ ಹಾಗೆ ನಸುಗೆಂಪು.

"ಇದು ಕೆಂಪಗಿದ್ರೆ ಕೆಲಸ ಮಾಡ್ತಾ ಇದೆ ಅಂತ ಅರ್ಥ. ಗಾಳೀಲಿರೋ ಸಾರಜನಕಾನ ಹಿಡಿದು ಗಿಡಕ್ಕೂ ಪಕ್ಕದ ಹುಲ್ಲಿಗೂ ಕೊಡುತ್ತೆ. ಮೊದಲು ಮಣ್ಣಿಗೆ ಸುಣ್ಣ ಹಾಕಿ, ಹುಳಿ ಹೋಗಲಿ. ಮೇ ತಿಂಗಳಲ್ಲಿ ಹುಲ್ಲನ್ನ ನೆಲದವರೆಗೂ ಮೇಯಿಸಿ, ಆಮೇಲೆ ಬೀಜ ಚೆಲ್ಲಿ. ಹುಲ್ಲು ಎತ್ತರ ಆಗೋಕೆ ಬಿಡಬೇಡಿ, ಕ್ಲೋವರ್‌ಗೆ ಬಿಸಿಲು ಬೇಕು. ಸಗಣಿ ನೀರನ್ನ ತೆಳ್ಳಗೆ, ನೆಲಕ್ಕೆ ಹತ್ತಿರವಾಗಿ ಹಾಯಿಸಿ. ಮೊದಲನೇ ವರ್ಷ ಹೊಲ ನೋಡಿ ಅಳು ಬರುತ್ತೆ. ಎರಡನೇ ವರ್ಷ ಬರಲ್ಲ."

"ಹೊಟ್ಟೆ ಉಬ್ಬರ?" ಎಂದಳು ಡಿಂಪ್ನಾ.

ಬ್ರೋನಾ ಮಾತು ತೇಲಿಸಲಿಲ್ಲ. "ಬರಬಹುದು. ಹಸಿದ ಹಸೂನ ಒದ್ದೆ ಕ್ಲೋವರ್‌ಗೆ ಬಿಟ್ರೆ ಖಂಡಿತ ಬರುತ್ತೆ. ಮೊದಲು ಒಣಹುಲ್ಲು ತಿನ್ನಿಸಿ ಆಮೇಲೆ ಬಿಡಿ. ತಂತಿ ಕಟ್ಟಿ ಪಟ್ಟಿ ಪಟ್ಟಿಯಾಗಿ ಮೇಯಿಸಿ. ಕುಡಿಯೋ ನೀರಿಗೆ ಉಬ್ಬರದ ಎಣ್ಣೆ ಹಾಕಿ. ಮತ್ತೆ..." ಎಂದು ಚೀಲದಿಂದ ಒಂದು ಸಾಮಾನು ತೆಗೆದು ಮೇಜಿನ ಮೇಲಿಟ್ಟಳು. ಗೇಣುದ್ದದ ಚೂಪಾದ ಸಲಾಕೆ. ಅದಕ್ಕೆ ಅಂಗಿಯಂತೆ ತೊಡಿಸಿದ ಲೋಹದ ಕೊಳವೆ. ಇರಿದು ಸಲಾಕೆ ಎಳೆದುಕೊಂಡರೆ ಕೊಳವೆ ಹೊಟ್ಟೆಯಲ್ಲೇ ನಿಲ್ಲುತ್ತದೆ. "ಎಡಗಡೆ, ಕೊನೇ ಪಕ್ಕೆಲುಬಿನಿಂದ ಒಂದು ಅಂಗೈ ಹಿಂದೆ, ತುಂಬಾ ಉಬ್ಬಿರೋ ಕಡೆ."

ಡಿಂಪ್ನಾ ಅದನ್ನು ಕೈಯಲ್ಲಿ ಮುಟ್ಟಲಿಲ್ಲ. ಬಟ್ಟೆಯಿಂದ ಹಿಡಿದು ಶೆಡ್ಡಿನ ಕಪಾಟಿನೊಳಗಿಟ್ಟು ಬಾಗಿಲು ಹಾಕಿದಳು.

ಎರಡು ಭಯಗಳ ನಡುವೆ ಅವಳು ಬದುಕತೊಡಗಿದ್ದು ಹೀಗೆ. ಬೀಜ ಚೆಲ್ಲಿದರು. ಮರುವಸಂತದಲ್ಲಿ ಸುತ್ತಲಿನ ದಿಣ್ಣೆಗಳೆಲ್ಲ ಕಡುಹಸಿರಾಗಿ ಮಿರುಗುವಾಗ ಟ್ರೇನರ್ ಮನೆಯ ಬಾವಿಹೊಲವೊಂದು ಮಾತ್ರ ಹಳದಿಗೆ ತಿರುಗಿ ಬೋಳು ಬೋಳಾಗಿ ಬಿದ್ದಿತ್ತು. ಪಕ್ಕದ ಜಮೀನಿನ ಪ್ಯಾಕಿ ಕೊಯ್ಲ್ ಟ್ರ್ಯಾಕ್ಟರು ನಿಲ್ಲಿಸಿ ಬೇಲಿಯ ಮೇಲೆ ಮೊಣಕೈಯೂರಿದ.

"ಡಿಂಪ್ನಾ, ನಿನ್ನ ಹೊಲಕ್ಕೆ ಕಾಮಾಲೆ ಗೀಮಾಲೆ ಬಂತೇನೇ? ಪಾದ್ರಿಗಳನ್ನಾದ್ರೂ ಕರೆಸು, ಕೊನೇ ಪ್ರಾರ್ಥನೆ ಹೇಳಿಬಿಡಲಿ."

"ನಿನ್ನ ಕೆಲಸ ನೋಡ್ಕೋ ಹೋಗು ಪ್ಯಾಕಿ."

"ಒಂದು ಹಿಡಿ ಯೂರಿಯಾ ಕೊಡ್ಲಾ? ಯಾರಿಗೂ ಹೇಳಲ್ಲ, ದೇವರಾಣೆ."

ಅವಳು ನಗಲಿಲ್ಲ. ಹುಲ್ಲು ಸಾಲದೆ ಹಸುಗಳು ಬಡವಾದರೆ ಎಂಬುದು ಹೊಸದಾಗಿ ಹುಟ್ಟಿಕೊಂಡ ಮೂರನೆಯ ಭಯ. ಆದರೆ ಜೂನ್ ಮುಗಿಯುವ ಹೊತ್ತಿಗೆ ಬೋಳು ಜಾಗಗಳಲ್ಲಿ ಮೂರೆಲೆಗಳು ಒಂದಕ್ಕೊಂದು ಕೈಕೊಟ್ಟು ಹಬ್ಬಿದವು. ನಡುವಿನ ಹುಲ್ಲು ತಾನಾಗಿ ಕಪ್ಪುಹಸಿರಿಗೆ ತಿರುಗಿತು. ಜುಲೈಯಲ್ಲಿ ಮಳೆ ಕೈಕೊಟ್ಟು ಪ್ಯಾಕಿಯ ಹುಲ್ಲು ತುದಿ ಸುಟ್ಟುಕೊಂಡಾಗಲೂ ಬಾವಿಹೊಲ ತಂಪಾಗಿ ನಿಂತಿತ್ತು. ಹಾಲು ಇಳಿಯಲಿಲ್ಲ. ಮ್ಯಾಲಕಿ ದಿನಕ್ಕೊಮ್ಮೆ ಹೋಗಿ ಬಗ್ಗಿ ನೋಡಿ, ತನ್ನದೇ ಯೋಜನೆಯೆಂಬಂತೆ ತಲೆಯಾಡಿಸಿ ಬರುತ್ತಿದ್ದ. ಹೊಲ ತುಂಬಿದಷ್ಟೂ ಡಿಂಪ್ನಾಳಿಗೆ ಉಬ್ಬರದ ಚಿಂತೆ ಹೆಚ್ಚಿತು. ಹಸುಗಳು ಮೇಯುವಷ್ಟು ಹೊತ್ತೂ ಅವಳು ಅವುಗಳ ನಡುವೆ ಓಡಾಡುತ್ತ ಒಂದೊಂದರ ಎಡಪಕ್ಕೆಯ ಗುಳಿಗೂ ಅಂಗೈಯಿಟ್ಟು ಒತ್ತಿ ನೋಡುತ್ತಿದ್ದಳು. ಗುಳಿ ಮೆತ್ತಗಿದ್ದರೆ ಮುಂದಿನದಕ್ಕೆ. "ನಮ್ಮೂರಿಗೆ ಸೂಲಗಿತ್ತಿ ಇರಲಿಲ್ಲ, ಸದ್ಯ ಬಂದಳು," ಎಂದು ಪ್ಯಾಕಿ ಬೇಲಿಯಾಚೆಯಿಂದ ಕೂಗುತ್ತಿದ್ದ.

ಆಗಸ್ಟಿನಲ್ಲಿ ಆಪರೇಷನ್ ಮಾಡಿ ಮ್ಯಾಲಕಿಯ ಸೊಂಟದ ಕೀಲು ಬದಲಾಯಿಸಿದರು. ಊರುಗೋಲಿನ ಮೇಲೆ ಅಡುಗೆಮನೆಯಿಂದ ಅಂಗಳದ ಬಾಗಿಲವರೆಗೆ ಬಂದರೆ ಅದೇ ದೊಡ್ಡದು ಎಂಬಂತಿದ್ದ. ಕೆಲಸವೆಲ್ಲ ಡಿಂಪ್ನಾಳ ಮೇಲೆ ಬಿತ್ತು. ಬಾವಿಹೊಲದ ಮೇಲಿನ ಅರ್ಧವನ್ನು ತಂತಿ ಕಟ್ಟಿ ಕಾಯ್ದಿಟ್ಟಿದ್ದರು. ಅಲ್ಲಿ ಕ್ಲೋವರ್ ಕಾಲು ಹೂತುಹೋಗುವಷ್ಟು ದಟ್ಟವಾಗಿತ್ತು.

ಒಂದು ಮುಂಜಾನೆ ಹಿಂದಿನ ದಿನದ ಮಳೆಗಾಳಿ ನಿಂತು, ದಿಣ್ಣೆಗಳ ನಡುವೆ ಮಂಜು ಹಾಲಿನಂತೆ ತುಂಬಿಕೊಂಡಿತ್ತು. ಡಿಂಪ್ನಾ ಹಾಲು ಕರೆಯುತ್ತಿದ್ದಳು. ಹಾಲು ಕರೆಸಿಕೊಂಡ ಹಸುಗಳು ಒಂದೊಂದೇ ತಂಡವಾಗಿ ಹೊರಬಿದ್ದು, ಓಣಿ ಹಿಡಿದು, ತಾವಾಗಿಯೇ ಹಳೆಯ ಹುಲ್ಲುಗಾವಲಿಗೆ ಹೋಗಿ ಒಣಹುಲ್ಲಿನ ಗೊಂತಿನ ಮುಂದೆ ನಿಲ್ಲುವುದು ವಾಡಿಕೆ. ಕೊನೆಯ ತಂಡವನ್ನು ಬಿಟ್ಟು, ಯಂತ್ರ ತೊಳೆದು, ಅವಳು ಓಣಿಗೆ ಬಂದಳು. ಹಳೆಯ ಹುಲ್ಲುಗಾವಲು ಖಾಲಿ. ಗೊಂತಿನ ಮುಂದೆ ಒಂದು ಹಸುವೂ ಇಲ್ಲ.

ಓಣಿಯ ತಿರುವಿನಲ್ಲಿ ರೋಗ ಹಿಡಿದ ಆಶ್ ಮರದ ದೊಡ್ಡ ಕೊಂಬೆಯೊಂದು ಮುರಿದು ಬಾವಿಹೊಲಕ್ಕೆ ಕಟ್ಟಿದ್ದ ವಿದ್ಯುತ್ ತಂತಿಯ ಮೇಲೆ ಬಿದ್ದು ಅದನ್ನು ನೆಲಕ್ಕೊತ್ತಿತ್ತು. ಅದರಾಚೆ, ಮಂಜಿನೊಳಗೆ, ಕಪ್ಪು ಬಿಳುಪು ಬೆನ್ನುಗಳು. ಒಂದೂ ತಲೆಯೆತ್ತಿರಲಿಲ್ಲ. ಹುಲ್ಲು ಹರಿಯುವ ಪರ ಪರ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಡಿಂಪ್ನಾ ನಿಂತಲ್ಲೇ ನಿಂತಳು. ಯಾರಾದರೂ ಬರುತ್ತಾರೆ, ಬಂದು ಏನಾದರೂ ಮಾಡುತ್ತಾರೆ ಎಂದು ಓಣಿಯ ಆ ತುದಿಯನ್ನೂ ಈ ತುದಿಯನ್ನೂ ನೋಡಿದಳು. ಯಾರೂ ಇರಲಿಲ್ಲ. ಅಷ್ಟರಲ್ಲಿ ಹತ್ತಿರದ ಹಸುವೊಂದು ಮೇಯುವುದು ನಿಲ್ಲಿಸಿ, ಕಾಲಗಲಿಸಿ, ಹಿಂಗಾಲಿನಿಂದ ತನ್ನ ಹೊಟ್ಟೆಗೆ ತಾನೇ ಒದ್ದುಕೊಂಡಿತು. ಅದರ ಎಡಪಕ್ಕೆಯ ಗುಳಿ ಮಾಯವಾಗಿತ್ತು.

ಆಮೇಲೆ ಅವಳು ಓಡಿದಳು. ಕೋಲಿನಿಂದ ಬಡಿದಳು, ಕಿರುಚಿದಳು, ಬಾಲ ಹಿಡಿದು ಜಗ್ಗಿದಳು. ಎಂಥ ಸಾಧುಹಸುವೂ ಕ್ಲೋವರ್ ಬಿಟ್ಟು ಕದಲಲೊಲ್ಲದು. ಕಡೆಗೆ ಟೀಚರಮ್ಮನ ಕೊರಳಪಟ್ಟಿಗೆ ಕೈಹಾಕಿ ಎಳೆದಳು. ಟೀಚರಮ್ಮ ಹೊರಟ ಮೇಲೆ ಉಳಿದವು ಹಿಂದೆ ಬಂದವು. ನಡೆಯುತ್ತ ನಡೆಯುತ್ತಲೇ ಒಂದೊಂದು ಊದುತ್ತಿರುವುದು ಅವಳಿಗೆ ಕಾಣುತ್ತಿತ್ತು.

ಅಂಗಳದ ಬಾಗಿಲಲ್ಲಿ ಮ್ಯಾಲಕಿ ಊರುಗೋಲಿಗೆ ಜೋತುಬಿದ್ದು ನಿಂತಿದ್ದ. "ನಿನ್ನ ಕೂಗು ಕೇಳಿ ದನದ ಡಾಕ್ಟ್ರಿಗೆ ಫೋನ್ ಮಾಡಿದೆ! ಎಲ್ಲೋ ಕರು ಹಾಕಿಸ್ತಾ ಇದ್ದಾರಂತೆ, ಆ ಹಸೂನ ಬಿಟ್ಟು ಈಗ್ಲೇ ಬರೋಕಾಗಲ್ಲವಂತೆ. ಪ್ಯಾಕಿಗೂ ಮಾಡಿದೀನಿ. ಎಣ್ಣೆ ಹೊಯ್ಯಿ ಡಿಂಪ್ನಾ, ಎಣ್ಣೆ ಹೊಯ್ಯಿ!"

"ನನ್ನ ಕೈಲಾಗಲ್ಲ ಕಣೋ!"

"ನನಗೆ ನಡೆಯೋಕಾಗಲ್ಲ ಕಣೇ! ಇನ್ಯಾರು ಮಾಡಬೇಕು ಹೇಳು!" ಎಂದು ಅವನು ಅಳುತ್ತ ಕೂಗಿದ. ಅಣ್ಣ ಅತ್ತದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅದು ಅವಳನ್ನು ಇನ್ನಷ್ಟು ಹೆದರಿಸಿತು.

ಪ್ಯಾಕಿ ಟ್ರ್ಯಾಕ್ಟರಿನಿಂದ ಹಾರಿ ಬಂದ. ಅಂಗಿಯ ಗುಂಡಿಗಳನ್ನು ತಪ್ಪುತಪ್ಪಾಗಿ ಹಾಕಿಕೊಂಡಿದ್ದ. ಎಂದಿನ ಹಾಸ್ಯ ಯಾವುದೂ ಆ ದಿನ ಅವನ ಬಾಯಲ್ಲಿರಲಿಲ್ಲ. ಅವನು ಮೂಗಿಗೆ ಬೆರಳು ಹಾಕಿ ಹಸುವಿನ ತಲೆ ಎತ್ತಿ ಹಿಡಿಯುವುದು, ಡಿಂಪ್ನಾ ಬಾಟಲಿಯಿಂದ ಎಣ್ಣೆಯನ್ನು ಗಂಟಲಿಗಿಳಿಸುವುದು. ಒಂದಕ್ಕೆ ಆಯಿತು, ಇನ್ನೊಂದಕ್ಕೆ ಆಯಿತು. ಕೆಲವು ದೊಡ್ಡದಾಗಿ ತೇಗಿದವು. ಆ ನಾರುವ ತೇಗಿನ ಸದ್ದು ಅವಳಿಗೆ ಚರ್ಚಿನ ಗಂಟೆಯಂತೆ ಕೇಳಿಸಿತು. ಅವಳ ಕೈಯೆಲ್ಲ ಎಣ್ಣೆ, ಜೊಲ್ಲು, ಬಾಟಲಿ ಜಾರುತ್ತಿತ್ತು. "ದೇವಮಾತೆ, ದೇವಮಾತೆ," ಎಂದು ತುಟಿ ತಾನಾಗಿ ಆಡುತ್ತಿತ್ತು. ಮುಂದಿನ ಪ್ರಾರ್ಥನೆ ನೆನಪಿಗೇ ಬರುತ್ತಿರಲಿಲ್ಲ.

"ಡಿಂಪ್ನಾ, ಈ ಕರೀದು ನೋಡು!"

ಟೀಚರಮ್ಮ. ಎಲ್ಲಕ್ಕಿಂತ ಮೊದಲು ಹಾಲು ಕರೆಸಿಕೊಂಡು ಎಲ್ಲಕ್ಕಿಂತ ಮೊದಲು ಹೊಲ ಹೊಕ್ಕವಳು ಅವಳೇ. ಎಡಪಕ್ಕೆ ಬೆನ್ನೆಲುಬಿಗಿಂತ ಮೇಲಕ್ಕೆ ಗುಡ್ಡದಂತೆ ಎದ್ದಿತ್ತು. ಕೂದಲು ನಿಮಿರಿ ಚರ್ಮ ತಮಟೆಯಂತೆ ಬಿಗಿದಿತ್ತು. ನಾಲಿಗೆ ನೀಲಿಗಟ್ಟಿ ಹೊರಗೆ ನೇತಾಡುತ್ತಿತ್ತು. ಎಣ್ಣೆ ಒಳಗಿಳಿಯದೆ ಬಾಯಿಂದ ವಾಪಸು ಸುರಿಯಿತು. ಟೀಚರಮ್ಮ ಒಮ್ಮೆ ತೂಗಾಡಿದಳು.

"ಇದಕ್ಕೆ ಎಣ್ಣೆ ಕಾಯೋಷ್ಟು ಹೊತ್ತಿಲ್ಲ," ಎಂದ ಪ್ಯಾಕಿ. "ಸಲಾಕೆ ಎಲ್ಲಿ?"

ಡಿಂಪ್ನಾ ಕಪಾಟು ತೆರೆದಳು. ಬಟ್ಟೆಯೊಳಗಿನಿಂದ ತೆಗೆದು ಪ್ಯಾಕಿಯ ಮುಂದೆ ಹಿಡಿದಳು.

"ನಾನಾ? ಅಯ್ಯೋ, ಬೇಡ ಮಾರಾಯ್ತಿ. ನಾನು ಜನ್ಮದಲ್ಲಿ ಮಾಡಿಲ್ಲ. ನಾನು ತಲೆ ಹಿಡ್ಕೋತೀನಿ. ನೀನು ದಿನಾ ಮುಟ್ಟಿ ನೋಡಿದ್ದೀಯಲ್ಲ ಆ ಜಾಗಾನ."

ಅದು ನಿಜವಾಗಿತ್ತು. ಕಣ್ಣು ಮುಚ್ಚಿದರೂ ಅವಳ ಅಂಗೈ ಆ ಜಾಗ ಹುಡುಕಬಲ್ಲದಾಗಿತ್ತು. ಕೊನೆಯ ಪಕ್ಕೆಲುಬು ಸಿಕ್ಕಿತು. ಒಂದು ಅಂಗೈ ಹಿಂದೆ. ಸಲಾಕೆಯ ತುದಿಯನ್ನು ಅಲ್ಲಿಟ್ಟಳು. ತುದಿ ಜಾರಿ ಚರ್ಮದ ಮೇಲೊಂದು ಗೀರು ಎಳೆಯಿತು. ಎರಡನೆಯ ಸಲ ಒತ್ತಿದಳು. ಬಿಗಿದ ತೊಗಲು ಅವಳ ಬಲಕ್ಕೆ ಜಗ್ಗದೆ ಸಲಾಕೆ ಹಿಂದಕ್ಕೆ ಪುಟಿಯಿತು. ಟೀಚರಮ್ಮನ ಮುಂಗಾಲು ಮಡಚಿಕೊಂಡಿತು. ಅಪ್ಪನ ಬಗ್ಗಿದ ಬೆನ್ನು ಕಣ್ಮುಂದೆ ಬಂದು, ಡಿಂಪ್ನಾಳಿಗೆ ತಾನು ಈಗ ಮೂರ್ಛೆ ಹೋಗುತ್ತೇನೆ ಅನ್ನಿಸಿತು.

"ಬೀಳ್ತಾ ಇದೆ ಡಿಂಪ್ನಾ! ಹೊಡಿ!"

ಎರಡೂ ಕೈಯಲ್ಲಿ ಹಿಡಿಯನ್ನು ಬಿಗಿದು, ಗೂಟ ಹೊಡೆಯುವಂತೆ ಮೈಭಾರವನ್ನೆಲ್ಲ ಹಾಕಿ ಇರಿದಳು. ತೊಗಲು ಹರಿದ ಸದ್ದು ಕೇಳಿಸಿತು. ಸಲಾಕೆ ಎಳೆದಾಗ ಕೊಳವೆಯಿಂದ ಬುಸ್ಸೆಂದು ಗಾಳಿ ಹೊರಟು, ಹಿಂದೆಯೇ ಬಿಸಿ ಹಸಿರು ನೊರೆ ಅವಳ ಮುಖ, ಕೂದಲು, ಬಾಯಿಗೆಲ್ಲ ಬಡಿಯಿತು. ಕೂಡಲೇ ನಿಂತೂ ಹೋಯಿತು. ನೊರೆ ಕೊಳವೆಯನ್ನು ಕಟ್ಟಿಬಿಟ್ಟಿತ್ತು. ಪಕ್ಕೆ ಇಳಿಯಲಿಲ್ಲ.

"ಕಟ್ಕೊಂಡ್ಬಿಡ್ತು! ಪ್ಯಾಕಿ, ಕಟ್ಕೊಂಡ್ಬಿಡ್ತು!"

"ಕೊಳವೇಲೇ ಎಣ್ಣೆ ಹೊಯ್ಯಿ! ಆ ತೂತಿನಲ್ಲೇ!" ಎಂದು ಬಾಗಿಲಿನಿಂದ ಮ್ಯಾಲಕಿ ಕೂಗಿದ.

ಸಲಾಕೆಯಿಂದ ಕೊಳವೆಯನ್ನು ತಿವಿದು ಬಿಡಿಸಿ, ಬಾಟಲಿಯ ಬಾಯನ್ನು ಅದಕ್ಕೊತ್ತಿದಳು. ಅರ್ಧ ಹೊರಗೆ ಚೆಲ್ಲಿತು, ಅರ್ಧ ಒಳಗಿಳಿಯಿತು. ಅಂಗೈಯಿಂದ ಹೊಟ್ಟೆಯನ್ನು ಉಜ್ಜಿದಳು, ಗುದ್ದಿದಳು, ಬೈದಳು, ಬೇಡಿಕೊಂಡಳು. ಎಷ್ಟೋ ಹೊತ್ತಿನ ಮೇಲೆ ಕೊಳವೆ ಗೊರಗೊರ ಎಂದಿತು. ಮತ್ತೆ ಗಾಳಿ. ನಿಧಾನವಾಗಿ, ನಿಧಾನವಾಗಿ ಆ ಗುಡ್ಡ ಇಳಿಯಿತು. ಟೀಚರಮ್ಮ ನಾಲಿಗೆ ಒಳಗೆಳೆದುಕೊಂಡು ದೊಡ್ಡದೊಂದು ಉಸಿರು ಬಿಟ್ಟಳು.

ಡಿಂಪ್ನಾ ಗೋಡೆಗೊರಗಿ ಕೂತಳು. ಆಗಲೇ ಪ್ಯಾಕಿ ಎಣಿಸಿ ನೋಡಿ, "ಆ ಚುಕ್ಕೆ ಮಣಕ ಎಲ್ಲಿ?" ಎಂದದ್ದು. ಮೊದಲನೆಯ ಕರು ಹಾಕಿದ ಚಿಕ್ಕ ಹಸು ಅದು. ಗದ್ದಲದಲ್ಲಿ ಹಿಂದೆ ಉಳಿದು ಶೆಡ್ಡಿನ ಹಿಂಬದಿಗೆ ಹೋಗಿತ್ತು. ಅಲ್ಲಿ ಗೋಡೆಯ ಬುಡದಲ್ಲಿ, ನಾಲ್ಕೂ ಕಾಲು ಸೆಟೆದು, ಒಂದು ಸದ್ದೂ ಮಾಡದೆ ಸತ್ತು ಬಿದ್ದಿತ್ತು. ಡಾಕ್ಟರ ಕಾರು ಅಂಗಳಕ್ಕೆ ಬಂದದ್ದು ಆಮೇಲೆ.

ಆ ದಿನ ಯಾರೂ ಊಟ ಮಾಡಲಿಲ್ಲ. ಸೋಡಾ ರೊಟ್ಟಿ ಮೇಜಿನ ಮೇಲೆ ಹಾಗೇ ಒಣಗಿತು. ಮ್ಯಾಲಕಿಯೇ ಮೊದಲು ಮಾತೆತ್ತಿದ.

"ಉಳುಮೆ ಮಾಡಿಸಿಬಿಡೋಣ ಆ ಹೊಲಾನ. ಬರೀ ಹುಲ್ಲು ಹಾಕಿಸೋಣ. ಪ್ಯಾಕಿ ನೇಗಿಲು ಕೊಡ್ತೀನಿ ಅಂದ. ಮೊದಲಿನ ಹಾಗೆ ಚೀಲ ತರೋಣ. ನೀನು ಈ ಥರ ಬದುಕೋಕಾಗಲ್ಲ ಡಿಂಪ್ನಾ."

ಡಿಂಪ್ನಾಳಿಗೂ ಬೇಕಾಗಿದ್ದದ್ದು ಅದೇ. 'ಹೂಂ' ಎಂದರೆ ಮುಗಿಯಿತು.

"ಮಣಕ ಸತ್ತಿದ್ದು ಕ್ಲೋವರಿಂದಲ್ಲ," ಎಂದಳು ಅವಳು. "ಕೊಂಬೆ ಬಿತ್ತು, ತಂತಿ ಹೋಯ್ತು, ಹಸಿದ ಹೊಟ್ಟೇಲಿ ಒದ್ದೇದು ತಿಂತು. ಆ ಒಣಗಿದ ಆಶ್ ಮರ ಅಷ್ಟೂ ಕಡಿಸು. ಓಣಿಗೆ ಎರಡನೇ ತಂತಿ ಕಟ್ಟಿಸು. ಕೊನೇ ಹಸು ಹಾಲು ಕೊಡೋವರೆಗೂ ಮೊದಲ್ನೇದನ್ನ ಅಂಗಳ ಬಿಟ್ಟು ಹೊರಗೆ ಕಳಿಸಲ್ಲ, ಇಲ್ಲೇ ಒಣಹುಲ್ಲು ತಿನ್ನಲಿ."

"ಮತ್ತೆ ಹೆದರಿಕೆ?"

"ಹೆದರಿಕೆ ಇದ್ದೇ ಇದೆ. ಹಸು ಊದಿದ್ರೆ ನನ್ನ ಕಣ್ಣಿಗೆ ಕಾಣುತ್ತೆ ಮ್ಯಾಲಕಿ. ನೀರಿಗೆ ಇಳಿದಿದ್ದು ಕಾಣಲ್ಲ."

ಮಾರನೆಯ ದಿನ ಬಿಸಿಲೇರಿ ಇಬ್ಬನಿ ಆರಿದ ಮೇಲೆ, ಒಣಹುಲ್ಲು ತಿಂದು ನಿಂತ ಹಸುಗಳನ್ನು ಅವಳು ಬಾವಿಹೊಲಕ್ಕೆ ಹೊಡೆದಳು. ಕಂಬದಿಂದ ತಂತಿ ಬಿಚ್ಚುವಾಗ ಬೆರಳು ಸೆಟೆದು ಕೊಕ್ಕೆ ಬಿಡಿಸಲಾಗದೆ ಎರಡು ಸಲ ಹಿಂದೆ ಸರಿದಳು. ಬದುವಿಗೆ ಬಗ್ಗಿ ಬೆಳಗಿನ ಚಹಾವನ್ನೆಲ್ಲ ಕಕ್ಕಿದಳು. ಬಾಯೊರಸಿಕೊಂಡು ಬಂದು ತಂತಿ ತೆರೆದಳು. ಒಂದು ಕಿರಿದಾದ ಪಟ್ಟಿ, ಅಷ್ಟೇ. ಹಸುಗಳು ನುಗ್ಗಿದವು. ಅವಳು ಸಲಾಕೆಯನ್ನು ಏಪ್ರನ್ನಿನ ಜೇಬಿಗಿಳಿಸಿಕೊಂಡು, ಅಂಗೈ ಮುಂದಿಟ್ಟುಕೊಂಡು, ಒಂದೊಂದರ ಹತ್ತಿರವೂ ಹೋದಳು. ಮೆತ್ತಗಿತ್ತು. ಮುಂದಿನದೂ ಮೆತ್ತಗಿತ್ತು. ಮಧ್ಯಾಹ್ನದವರೆಗೆ ಹೊಲ ಬಿಟ್ಟು ಬರಲಿಲ್ಲ.

ಬಾವಿ ನೀರಿನ ನೈಟ್ರೇಟ್ ಮಿತಿಯೊಳಗೆ ಇಳಿಯಲು ಇನ್ನೂ ಕೆಲವು ಚಳಿಗಾಲಗಳು ಬೇಕಾದವು, ಆದರೆ ಇಳಿಯಿತು. ಬೇರೆ ಹೊಲಗಳಿಗೂ ಒಂದೊಂದಾಗಿ ಕ್ಲೋವರ್ ಹಬ್ಬಿತು. ಈಗ ಆ ಮನೆಯಲ್ಲಿ ವಸಂತದ ಮೊದಲಲ್ಲಿ ಒಂದಿಷ್ಟು ಯೂರಿಯಾ ಬಿಚ್ಚುತ್ತಾರೆ, ಅದೂ ಬಾವಿಯಿಂದ ದೂರದ ಹೊಲಗಳಿಗೆ. ಹಸು ಮತ್ತೆ ಸಾಯಲಿಲ್ಲವೆಂದಲ್ಲ. ಒಂದು ಒದ್ದೆ ಸೆಪ್ಟೆಂಬರಿನಲ್ಲಿ ಇನ್ನೊಂದು ಹೋಯಿತು.

ಹೋದ ಬೇಸಿಗೆ ಪ್ಯಾಕಿ ಕೊಯ್ಲ್ ಫೋನು ಮಾಡಿದ. ಅವನೂ ಸದ್ದಿಲ್ಲದೆ ತನ್ನ ಕೆಳಗಿನ ಹೊಲಕ್ಕೆ ಕ್ಲೋವರ್ ಚೆಲ್ಲಿದ್ದ.

"ಡಿಂಪ್ನಾ, ಒಂದು ಹಸು ಕಾಲಗಲಿಸಿ ನಿಂತಿದೆ. ನನಗೆ ನೋಡೋಕೇ ಆಗ್ತಿಲ್ಲ. ಬರ್ತೀಯಾ?"

"ನಡೆಸ್ತಾ ಇರು, ಮಲಗೋಕೆ ಬಿಡಬೇಡ. ಬಂದೆ," ಎಂದಳು. ಸಲಾಕೆ ತೆಗೆದುಕೊಂಡು ಕಾರು ಹತ್ತಿದಳು. ಕೀಲಿ ತೂತಿಗೆ ಹೋಗದೆ ಮೂರು ಸಲ ತಪ್ಪಿತು. ನಾಲ್ಕನೆಯ ಸಲಕ್ಕೆ ಎಂಜಿನ್ ಹಿಡಿಯಿತು.